ಹುರಮಂಜು, ರೇಡಿಯಂ ಮತ್ತು ನನ್ನ ಬಿಳಿ ಕಾರು

ಕಳೆದ ದೀಪಾವಳಿಗೆ ಅಪ್ಪ ಊರಿಂದ ಸಪ್ತಾಪುರಕ್ಕೆ ಬಂದಿದ್ದ. ಬೆಳಿಗ್ಗೆ "ಗಾಡಿ ಒರಸ್ತೀನಿ" ಅಂತ ಬಕೆಟ್ ಹಿಡ್ಕೊಂಡು ಕೆಳಗೆ ಹೋದ. ಅರ್ಧ ತಾಸಿನ ಮೇಲೆ ನಾನು ಬಾಲ್ಕನಿಯಿಂದ ನೋಡಿದರೆ ಎದುರು ಮನೆಯವರ ಕಾರು ಫಳಫಳ ಹೊಳೀತಿದೆ, ನಮ್ಮದು ಧೂಳು ಹಿಡಿದು ಹಾಗೇ ನಿಂತಿದೆ. ಎರಡೂ ಬಿಳಿ, ಎರಡೂ ಎಲೆಕ್ಟ್ರಿಕ್, ಎರಡಕ್ಕೂ ಹಸಿರು ನಂಬರ್ ಪ್ಲೇಟ್.

"ಎಲ್ಲಾ ಒಂದ ನಮೂನಿ ಅದಾವಲ್ಲೋ ತಮ್ಮಾ. ನಮ್ಮದು ಅಂತ ಗುರ್ತು ಹೆಂಗ ಹಿಡೀಬೇಕು?" ಅಂದ. ಸಂತೆಯೊಳಗೆ ನೂರಾರು ಎತ್ತಿನ ನಡುವೆ ನಮ್ಮ ಜೋಡಿಯನ್ನ ಬೆನ್ನು ನೋಡೇ ಗುರುತಿಸುತ್ತಿದ್ದ ಮನುಷ್ಯ ಅಂವ. ನನಗೆ ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯ್ತು.

ಗಾಡಿಗೆ ಅಲಂಕಾರ ಮಾಡೋದು ನಮ್ಮ ಸೀಮೆಗೆ ಹೊಸದೇನಲ್ಲ. ಕಾರ ಹುಣ್ಣಿಮೆ ಅಂದ್ರೆ ಮತ್ತೇನು? ಎತ್ತುಗಳ ಮೈ ತೊಳೆದು, ಹುರಮಂಜು ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೋಡಣಸು, ಹಣೆಗೆ ಪಟ್ಟಿ, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಕನ್ನಡಿ ಹೊಲಿದ ಜೂಲ. ಸಂಜೆ ಕರಿ ಹರಿಯುವಾಗ ಯಾರ ಎತ್ತು ಯಾವುದು ಅಂತ ಕೇಳಬೇಕಿರಲಿಲ್ಲ. ಇದಕ್ಕೆಲ್ಲ ದೊಡ್ಡ ಖರ್ಚೂ ಇರಲಿಲ್ಲ. ಹುರಮಂಜು ಅಂದ್ರೆ ಕೆಂಪು ಮಣ್ಣು, ಗೊಂಡೆ ಮನೆಯಲ್ಲೇ ಕಟ್ಟಿದ್ದು, ಕೋಡಣಸು ಅಜ್ಜನ ಕಾಲದ್ದು. ಮಳೆ ಕೈಕೊಟ್ಟ ವರ್ಷ ನಮ್ಮ ಜೋಡಿ ಮಾರಾಟವಾಯಿತು. ಜೂಲ ಮಾತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿ ಉಳಿಯಿತು.

ಕಾರುಗಳ ಕಥೆ ಉಲ್ಟಾ. ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕರಿ ಬಣ್ಣದಲ್ಲಿ ಮಾತ್ರ ಮಾರಿದ. ಒಂದೇ ಬಣ್ಣ, ಕಡಿಮೆ ಖರ್ಚು. ತಮಾಷೆ ಏನಪ್ಪಾ ಅಂದ್ರೆ, ಅವನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್, ಅಂದರೆ ಬ್ಯಾಟರಿ ಕಾರು! ಆ ಕಾಲದ ಎಲೆಕ್ಟ್ರಿಕ್ ಕಾರುಗಳ ಒಳಗೆ ಮೆತ್ತನೆಯ ಸೋಫಾದಂಥ ಸೀಟು, ಹೂವಿಡಲು ಪುಟ್ಟ ಗಾಜಿನ ಹೂದಾನಿ ಇರುತ್ತಿದ್ದವು. ಮನೆಯ ಪಡಸಾಲೆಗೇ ಗಾಲಿ ಜೋಡಿಸಿದಂಗೆ. ಪೆಟ್ರೋಲು ಗೆದ್ದ ಮೇಲೆ ಹೂದಾನಿಯೂ ಹೋಯಿತು, ಬ್ಯಾಟರಿಯೂ ಹೋಯಿತು.

ಬ್ಯಾಟರಿ ಕಾರು ಮತ್ತೆ ಬಂದಾಗ ನಮ್ಮ ಕರ್ನಾಟಕದಿಂದಲೂ ಒಂದು ಹೊರಟಿತು. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರೇವಾ ಕಂಪನಿ 2001ರಲ್ಲಿ ತನ್ನ ಕಾರನ್ನು ಮಾರುಕಟ್ಟೆಗೆ ತಂತು. ಹಿಂದಿದ್ದವರು ಚೇತನ್ ಮೈನಿ. ಇಬ್ಬರು ದೊಡ್ಡವರು, ಹಿಂದೆ ಎರಡು ಮಕ್ಕಳು. ಲೆಡ್-ಆ್ಯಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ನಾನು ಬಿಇ ಓದುವಾಗ ಅದನ್ನ ನೋಡಿ "ಆಟಿಗೆ ಸಾಮಾನು" ಅಂತ ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ಗೊತ್ತಾಯ್ತು, ನಕ್ಕಿದ್ದರಲ್ಲಿ ಅರ್ಧ ಸತ್ಯ ಇತ್ತು. ಅದರ ಮೈ ತಗಡಿನದಲ್ಲ. ಉಕ್ಕಿನ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಫಲಕ. ಲೆಗೋ ಇಟ್ಟಿಗೆಗಳನ್ನು ಮಾಡೋದೂ ಇದೇ ಎಬಿಎಸ್ಸಿನಿಂದ. ಸಣ್ಣಪುಟ್ಟ ಗುದ್ದಿಗೆ ನೆಗ್ಗುವುದಿಲ್ಲ, ತುಕ್ಕಂತೂ ದೂರದ ಮಾತು. ಲಂಡನ್ನಿನಲ್ಲಿ ಇದೇ ಗಾಡಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು. ಅಲ್ಲಿ 2003ರಿಂದ ಊರ ನಡುಭಾಗಕ್ಕೆ ಹೋಗುವ ಗಾಡಿಗಳಿಗೆ ಶುಲ್ಕ ಶುರುವಾಗಿತ್ತು, ಎಲೆಕ್ಟ್ರಿಕ್‌ಗೆ ವಿನಾಯಿತಿ. 2010ರಲ್ಲಿ ಕಂಪನಿ ಮಹೀಂದ್ರದ ಕೈಗೆ ಹೋಯಿತು. 2013ರಲ್ಲಿ ಬಂದ ಇ-ಟು-ಓ ಕಾರಿನಲ್ಲಿ ಬಣ್ಣವನ್ನು ಪ್ಲಾಸ್ಟಿಕ್ಕಿನೊಳಗೇ ಬೆರೆಸಿದ್ದರು, ಗೀರು ಬಿದ್ದರೂ ಒಳಗೆ ಅದೇ ಬಣ್ಣ. ನನ್ನ ಮಟ್ಟಿಗೆ ಇದು ಆ ಕಾರಿನ ಅತ್ಯಂತ ಜಾಣ ಭಾಗ. ಇವತ್ತಿನ ಕಾರಿಗೆ ಒಂದು ಗೀರು ಬಿದ್ದರೆ ಇಡೀ ಬಾಗಿಲಿಗೆ ಪೇಂಟು ಹೊಡೆಸುವ ಹಣೆಬರಹ ನಮ್ಮದು.

ಇರಲಿ, ಅಪ್ಪನ ಪ್ರಶ್ನೆಗೆ ಬರ್ತೀನಿ. ಮೊದಲು ವಿಚಾರಿಸಿದ್ದು ಫುಲ್ ರ‍್ಯಾಪ್. ಅವರು ಹೇಳಿದ ರೇಟಿಗೆ ನಮ್ಮೂರಲ್ಲಿ ಒಂದು ಹೋರಿ ಬರುತ್ತೆ. ಅಲ್ಲದೆ ಇಡೀ ಕಾರಿನ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಆರ್‌ಟಿಓಗೆ ಅಲೆಯಬೇಕು. ಮೂಲ ಕಾರಿನ ರಚನೆ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. ಕಿಟಕಿಗೆ ಕರಿ ಫಿಲ್ಮ್ ಅಂಟಿಸೋದನ್ನ 2012ರಲ್ಲೇ ಸುಪ್ರೀಂ ಕೋರ್ಟ್ ನಿಲ್ಲಿಸಿದೆ. ದೊಡ್ಡ ಅಗಲದ ಅಲಾಯ್ ಚಕ್ರ ಹಾಕಿದರೆ ನೋಡೋಕೆ ಚೆಂದ, ಆದ್ರೆ ಚಾರ್ಜು ಬೇಗ ಇಳಿಯುತ್ತೆ. ಹೆಚ್ಚುವರಿ ಲೈಟು ಹಾಕಿಸೋ ಆಸೆ ಇದ್ದವರಿಗೊಂದು ಕಿವಿಮಾತು: ಬಾನೆಟ್ ಕೆಳಗಿನ ಕಿತ್ತಳೆ ಬಣ್ಣದ ವೈರಿಗೆ ಯಾರೂ ಕೈ ಹಾಕದಿರಲಿ. ಅದು ಹೈ ವೋಲ್ಟೇಜು, ಹುಡುಗಾಟ ಅಲ್ಲ.

ಉಳಿದದ್ದು ರೇಡಿಯಂ ಅಂಗಡಿ. ಈ ಹೆಸರಿನ ಹಿಂದೆಯೂ ಒಂದು ಕಥೆ ಇದೆ. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದ ಮೇಲೆ ಕತ್ತಲಲ್ಲಿ ಹೊಳೆಯಲಿ ಅಂತ ಅದನ್ನು ಗಡಿಯಾರದ ಮುಖಕ್ಕೆ ಬಳಿಯುತ್ತಿದ್ದರು. ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಅಮೆರಿಕದ ಎಷ್ಟೋ ಹುಡುಗಿಯರು ಅದರ ವಿಷಕ್ಕೆ ಸತ್ತರು. ನಮ್ಮ ಸ್ಟಿಕರಿನಲ್ಲಿ ಒಂದು ಚೂರೂ ರೇಡಿಯಂ ಇಲ್ಲ, ಬೆಳಕನ್ನು ತಿರುಗಿ ಕಳಿಸುವ ಹಾಳೆ ಅಷ್ಟೆ. ಹೊಳೆಯೋದಕ್ಕೆಲ್ಲ ಆ ಹೆಸರು ಮಾತ್ರ ಉಳಿದುಕೊಂಡಿತು.

ಅಂಗಡಿಯ ಹುಡುಗನಿಗೆ ಅವ್ವನ ಹಳೇ ಇಳಕಲ್ ಸೀರೆಯ ಕಸೂತಿಯ ಫೋಟೋ ತೋರಿಸಿದೆ. ಗೋಪುರ, ತೇರು, ಆನೆ. ಕಸೂತಿಯಲ್ಲಿ ದಾರ ನೇರ ಗೆರೆಯಲ್ಲಿ, ಲೆಕ್ಕ ಹಿಡಿದು ಓಡುತ್ತೆ. ಹಾಗಾಗಿ ಕಂಪ್ಯೂಟರಿನಲ್ಲಿ ಗೆರೆ ಎಳೆದು ಕತ್ತರಿಸೋದು ಸುಲಭವಾಯಿತು. ಬಾಗಿಲ ಕೆಳಗೆ ಎರಡೂ ಕಡೆ ಒಂದು ಸಾಲು ಕೆಂಪು ಗೋಪುರ. ಹಿಂದಿನ ಸೀಟಿಗೆ ಒಂದು ಸಣ್ಣ ನವಲಗುಂದದ ಜಮಖಾನ. ಮುಂದಿನ ಸೀಟಿಗೆ ಏನೂ ಹಾಕಲಿಲ್ಲ, ಪಕ್ಕದಲ್ಲಿ ಏರ್‌ಬ್ಯಾಗ್ ಇದೆ. ಎಲ್ಲಾ ಸೇರಿ ನಾಲ್ಕು ಸಾವಿರದೊಳಗೆ ಮುಗೀತು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪ ಕಾರಿನ ಸುತ್ತ ಎರಡು ಸುತ್ತು ಹಾಕಿದ. ಏನೂ ಅನ್ನಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು ಗೆಜ್ಜೆಸರ ತಂದ.

"ಇದನ್ನ ಕಟ್ಟು. ಮೊನ್ನೆ ನಿನ್ನ ಓಣ್ಯಾಗ ಗಾಡಿ ಬಂದಿದ್ದು ನನಗ ಕೇಳಸಲೇ ಇಲ್ಲ, ಬಾಜೂಕ ಬಂದು ನಿಂತಿತ್ತು. ಸಪ್ಪಳ ಇಲ್ಲದ ಗಾಡಿಗೆ ಗೆಜ್ಜಿ ಬೇಕ ಬೇಕು."

ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನ ಹೋಗುವಾಗ ಕೃತಕ ಸಪ್ಪಳ ಮಾಡಲೇಬೇಕು ಅಂತ ಕಾನೂನು ಇದೆ ಅಂದೆ. "ಅವರಿಗೂ ಈಗ ತಿಳೀತೇನು?" ಅಂದ. ಗೆಜ್ಜೆಸರ ಈಗ ಡಿಕ್ಕಿಯಲ್ಲಿದೆ. ಎಲ್ಲಿ ಕಟ್ಟೋದು ಅಂತ ಇನ್ನೂ ನೋಡ್ತಾ ಇದ್ದೀನಿ.