ಸರಕಾರವೇ ಅಫೀಮು ಮಾರಿದ ಕಾಲ

ಕಳೆದ ತಿಂಗಳು ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಅವನು ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೀತೀನಿ: "ಸರ್, ಶರಾಬಿಗೆ ಟ್ಯಾಕ್ಸ್ ಇದೆ, ಸಿಗರೇಟಿಗೆ ಟ್ಯಾಕ್ಸ್ ಇದೆ. ಗಾಂಜಾ, ಎಂಡಿ ಇವನ್ನೂ ಕಾನೂನು ಮಾಡಿ ಮಾರಿದರೆ ಏನಾಗುತ್ತೆ? ಪೊಲೀಸರ ಕಾಟ ತಪ್ಪುತ್ತೆ, ಸರಕಾರಕ್ಕೂ ದುಡ್ಡು ಬರುತ್ತೆ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದೇ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೇಬಿನಲ್ಲಿ ಸಣ್ಣ ಪುಡಿಕೆ ಇಟ್ಟುಕೊಂಡು ಸಿಕ್ಕಿಬಿದ್ದಿದ್ದ. ಜಾಮೀನಿಗೆ ಬೇಕೆಂದು ಅವನ ಅಮ್ಮಿ ಶಾಲೆಯ ಸರ್ಟಿಫಿಕೇಟ್ ಕೇಳಿಕೊಂಡು ಬಂದಿದ್ದರು.

'ಹರಾಮ್' ಎಂದು ಹೇಳಿ ಹುಡುಗನನ್ನು ಕೂರಿಸಬಹುದಿತ್ತು. ಆದರೆ ಅವನು ಕೇಳಿದ್ದು ದೀನಿನ ಪ್ರಶ್ನೆಯಲ್ಲ, ಸರಕಾರದ ಪ್ರಶ್ನೆ. ಇದನ್ನು ನಮ್ಮ ದೇಶ ಮಾಡಿ ನೋಡಿದೆ. ಒಂದೆರಡು ವರ್ಷವಲ್ಲ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ.

ನಾವು ಇವತ್ತಿಗೂ ಅಬಕಾರಿ ಇಲಾಖೆ ಅಂತೀವಲ್ಲ, ಅದು ಫಾರಸಿ ಮಾತು. ಆಬ್ ಅಂದರೆ ನೀರು, ಕಾರಿ ಅಂದರೆ ಕೆಲಸ. ಸಾರಾಯಿ ಕಾಯಿಸುವ ಕಸುಬಿನ ಹೆಸರು ಕೊನೆಗೆ ಅದರ ಮೇಲಿನ ತೆರಿಗೆಯ ಹೆಸರಾಯಿತು. ಅಫೀಮು ಎಂಬುದೂ ಅರಬ್ಬಿಯ ಅಫ್ಯೂನ್. ಜಹಾಂಗೀರ್ ಬಾದಶಾಹ ತನ್ನ ಶರಾಬು, ಅಫೀಮಿನ ಚಟವನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದುಕೊಂಡಿದ್ದಾನೆ. ಹಾಗಾಗಿ ಇದನ್ನೆಲ್ಲ ಇಂಗ್ಲಿಷರು ತಂದರು ಅನ್ನುವ ಹಾಗಿಲ್ಲ. ಅವರು ಮಾಡಿದ್ದು ಬೇರೆ. ಚಟವನ್ನು ಖಜಾನೆಗೆ ಗಂಟು ಹಾಕಿದರು.

1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳ, ಬಿಹಾರದ ಅಫೀಮನ್ನು ಕಂಪನಿಯ ಏಕಸ್ವಾಮ್ಯ ಮಾಡಿದ. ರೈತನಿಗೆ ಮುಂಗಡ ಕೊಡುತ್ತಿದ್ದರು, ಅವನು ಗಸಗಸೆ ಬೆಳೆದು ಅಫೀಮನ್ನು ಅವರು ಹೇಳಿದ ಬೆಲೆಗೆ ಅವರಿಗೇ ಕೊಡಬೇಕು. ಪಟ್ನಾ, ಗಾಜೀಪುರಗಳ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ ಪೆಟ್ಟಿಗೆಗೆ ತುಂಬುತ್ತಿದ್ದರು, ಒಂದು ಪೆಟ್ಟಿಗೆಗೆ ಸುಮಾರು 63 ಕಿಲೋ. ಕಲ್ಕತ್ತೆಯಲ್ಲಿ ಹರಾಜು. ಚೀನಾದಲ್ಲಿ ಅಫೀಮಿಗೆ ನಿಷೇಧ ಇದ್ದದ್ದರಿಂದ ಅಲ್ಲಿಗೆ ಒಯ್ಯುವ ಕಳ್ಳ ಕೆಲಸವನ್ನು ಖಾಸಗಿ ವ್ಯಾಪಾರಿಗಳಿಗೆ ಬಿಟ್ಟು, ಕಂಪನಿ ಕೈ ತೊಳೆದುಕೊಂಡಿತು.

ನಮ್ಮ ಮುಂಬೈ? ಮಾಳವದ ಸಂಸ್ಥಾನಗಳ ಅಫೀಮು ಈ ಬಂದರಿಗೇ ಬರುತ್ತಿತ್ತು. ಅದರ ಮೇಲೆ ಏಕಸ್ವಾಮ್ಯ ಸಾಧ್ಯವಾಗದೆ, ಪೆಟ್ಟಿಗೆಗೆ ಇಷ್ಟು ಎಂದು ಪಾಸಿನ ಸುಂಕ ಹಾಕಿದರು. ಜೆಜೆ ಆಸ್ಪತ್ರೆಯ ಮುಂದೆ ನೀವು ಎಷ್ಟೋ ಸಲ ಬಸ್ಸಿಳಿದಿರಬಹುದು. ಆ ಜಮ್ಶೇಟ್‌ಜಿ ಜೀಜೀಭಾಯ್ ಅವರ ಸಂಪತ್ತಿನ ದೊಡ್ಡ ಪಾಲು ಚೀನಾದ ಹತ್ತಿ ಮತ್ತು ಅಫೀಮು ವ್ಯಾಪಾರದ್ದು. ಅವರ ಪಾಲುದಾರರಲ್ಲಿ ಒಬ್ಬರು ಜೈನರು, ಮೋತಿಚಂದ್ ಅಮೀಚಂದ್. ಇನ್ನೊಬ್ಬರು ಕೊಂಕಣಿ ಮುಸ್ಲಿಮರು, ಮೊಹಮ್ಮದ್ ಅಲಿ ರೋಗೆ. ನಮ್ಮ ಸಮುದಾಯದ ಚರಿತ್ರೆ ಬರೆಯುವಾಗ ಇಂಥ ಹೆಸರುಗಳನ್ನು ಬರೀ 'ದಾನಿಗಳು' ಎಂದು ಬರೆದು ಮುಂದೆ ಹೋಗುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ.

1839ರಲ್ಲಿ ಲಿನ್ ಝೆಶು ಎಂಬ ಚೀನೀ ಅಧಿಕಾರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶಮಾಡಿದ. ಮುಂದಿನ ಯುದ್ಧ ನಿಮಗೆ ಪಠ್ಯಪುಸ್ತಕದಿಂದ ಗೊತ್ತಿದೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗದ್ದು ಇದು: ಹತ್ತೊಂಬತ್ತನೇ ಶತಮಾನದಲ್ಲಿ ಒಂದು ಹಂತಕ್ಕೆ ಬ್ರಿಟಿಷ್ ಭಾರತದ ವರಮಾನದ ಸುಮಾರು ಏಳನೇ ಒಂದು ಪಾಲು ಅಫೀಮಿನದೇ ಆಗಿತ್ತು.

ಇನ್ನು ದೇಶದ ಒಳಗಿನ ಕಥೆ. ಅಸ್ಸಾಮಿನಲ್ಲಿ 1860ರ ಸುಮಾರಿಗೆ ರೈತರು ಗಸಗಸೆ ಬೆಳೆಯುವುದನ್ನು ಸರಕಾರ ನಿಷೇಧಿಸಿತು. ಒಳ್ಳೆಯದೇ ಅಲ್ವಾ ಅನ್ನಿಸುತ್ತೆ. ಆದರೆ ತಿನ್ನುವುದನ್ನು ನಿಷೇಧಿಸಲಿಲ್ಲ, ತನ್ನದೇ ಅಫೀಮನ್ನು ತಂದು ಮಾರಿತು! ಈ ನಿಷೇಧದ ಸಿಟ್ಟು, ಹೊಸ ತೆರಿಗೆಗಳ ಭಯ ಎರಡೂ ಸೇರಿ 1861ರಲ್ಲಿ ಫೂಲಗುರಿಯ ರೈತರು ದಂಗೆ ಎದ್ದರು. ಒಬ್ಬ ಇಂಗ್ಲಿಷ್ ಅಧಿಕಾರಿ ಸತ್ತ, ಹಲವು ರೈತರು ಗುಂಡಿಗೆ ಬಲಿಯಾದರು. ಮುಂದೆ 1878ರ ಅಫೀಮು ಕಾಯ್ದೆ ಬಂತು, ಲೈಸೆನ್ಸ್ ಅಂಗಡಿಗಳು ನಡೆದವು. ಮುಂಬೈಯ ಗಿರಣಿಗೆ ಹೋಗುವ ತಾಯಂದಿರು ಹಸುಗೂಸು ಅಳದೆ ಮಲಗಲಿ ಎಂದು ಅಫೀಮಿನ ಗುಳಿಗೆ ಕೊಡುತ್ತಿದ್ದರು. ಆ ಗುಳಿಗೆಯಲ್ಲೂ ಸರಕಾರದ ಪಾಲಿತ್ತು.

ಹುಡುಗನ ವಾದಕ್ಕೆ ಬಲ ಕೊಡುವ ದಾಖಲೆಯೂ ಇದೆ, ಅದನ್ನು ಮುಚ್ಚಿಡಬಾರದು. 1893–94ರ ಭಾರತೀಯ ಗಾಂಜಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಗಾಂಜಾದಿಂದ ಹುಚ್ಚು ಹಿಡಿಯುತ್ತೆ ಎಂದು ಹುಚ್ಚಾಸ್ಪತ್ರೆಗಳ ರಿಜಿಸ್ಟರುಗಳು ಹೇಳುತ್ತಿದ್ದವು. ಆಯೋಗ ಆ ಕಾಗದಗಳನ್ನೇ ತೆರೆದು ಪರೀಕ್ಷಿಸಿತು, ಹೆಚ್ಚಿನವು ನಂಬುವಂತಿರಲಿಲ್ಲ. ಮಿತವಾದ ಸೇವನೆಯಿಂದ ದೊಡ್ಡ ಹಾನಿಯಿಲ್ಲ, ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸಿನಿಂದ ಹತೋಟಿ ಮಾಡಿ ಎಂದು ಬರೆಯಿತು. ಚರಿತ್ರೆಯ ವಿದ್ಯಾರ್ಥಿಗಳು ಓದಲೇಬೇಕಾದ ವರದಿ ಅದು.

ಆದರೆ ಅದೇ ಕಾಲದ ರಾಯಲ್ ಅಫೀಮು ಆಯೋಗದ 1895ರ ವರದಿಯನ್ನು ಪಕ್ಕಕ್ಕಿಟ್ಟು ನೋಡಿ. ಅಲ್ಲಿಯೂ ನಿಷೇಧ ಬೇಡ ಎಂದೇ ತೀರ್ಮಾನ. ಆದರೆ ಕಾರಣಗಳಲ್ಲಿ ಒಂದು, ಈ ವರಮಾನ ಹೋದರೆ ಭಾರತದ ಖಜಾನೆ ತಾಳದು ಎಂಬುದು. ಕುಡಿಯುವವನು 'ನಾಳೆ ಬಿಡ್ತೀನಿ' ಅನ್ನುವ ಹಾಗೆಯೇ ಇದೆ. ಹೆನ್ರಿ ವಿಲ್ಸನ್ ಎಂಬ ಸದಸ್ಯ ಮಾತ್ರ ಒಪ್ಪದೆ ಬೇರೆ ಬರೆದ. ದಾದಾಭಾಯಿ ನೌರೋಜಿ ಈ ವ್ಯಾಪಾರವನ್ನು ಖಂಡಿಸಿದ್ದರು. 1907ರಲ್ಲಿ ಚೀನಾದ ಜೊತೆ ಒಪ್ಪಂದವಾಗಿ ರಫ್ತು ವರ್ಷ ವರ್ಷ ಇಳಿಯಿತು. ಬಾಯಿಂದ ಸೇವಿಸುವ ಅಫೀಮನ್ನು ಹತ್ತು ವರ್ಷದಲ್ಲಿ ನಿಲ್ಲಿಸುವುದೆಂದು ಸ್ವತಂತ್ರ ಭಾರತ 1949ರಲ್ಲಿ ತೀರ್ಮಾನಿಸಿತು, 1959ಕ್ಕೆ ಅಂಗಡಿಗಳು ಮುಚ್ಚಿದವು. ಗಾಂಜಾ, ಚರಸ್ಸಿಗೆ ಈಗಿನ ಬಿಗಿ ಬಂದದ್ದು 1985ರ ಎನ್‌ಡಿಪಿಎಸ್ ಕಾಯ್ದೆಯಿಂದ. ಭಾಂಗಿನ ಎಲೆಯನ್ನು ಅದರಲ್ಲೂ ಹೊರಗಿಟ್ಟರು. ಗಾಜೀಪುರದ ಕಾರ್ಖಾನೆ ಈಗಲೂ ಇದೆ, ಔಷಧಿಗಾಗಿ.

ನನ್ನ ಅಭಿಪ್ರಾಯ ಕೇಳಿದರೆ, ಸರಕಾರ ವಿಷಕ್ಕೆ ಬೆಲೆ ಕಟ್ಟಿ ಮಾರುವುದು ಬೇಡ. ಒಮ್ಮೆ ಬಜೆಟ್ಟಿನಲ್ಲಿ ಆ ಹಣ ಸೇರಿತೋ, ಚಟ ಬಿಡಿಸುವವನಿಗೆ ಅಲ್ಲಿ ಕೆಲಸವಿಲ್ಲ. ಆದರೆ ಮಾರುವವನನ್ನೂ ತಿನ್ನುವವನನ್ನೂ ಒಂದೇ ವ್ಯಾನಿಗೆ ಹತ್ತಿಸುವುದೂ ಬೇಡ. 1985ರ ಕಾಯ್ದೆಯಲ್ಲೇ 64ಎ ಎಂಬ ಕಲಮು ಸೇರಿಸಲಾಗಿದೆ. ಸಣ್ಣ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಆ ಅಮ್ಮಿಗೆ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಚೀಟಿಯಲ್ಲಿ ಕಲಮಿನ ನಂಬರು ಬರೆದು, ವಕೀಲರಿಗೆ ತೋರಿಸಿ ಆಪಾ ಅಂದೆ. ಸರ್ಟಿಫಿಕೇಟಿನಲ್ಲಿ 'ನಡತೆ' ಅಂತ ಒಂದು ಖಾನೆ ಇರುತ್ತೆ. ಅವನು ನನ್ನ ತರಗತಿಯಲ್ಲಿದ್ದ ವರ್ಷಗಳನ್ನು ನೆನಪಿಸಿಕೊಂಡು 'ಉತ್ತಮ' ಎಂದು ಬರೆದೆ.