ಮಾಳಿಗೆ ಮೇಲಿನ ಡಿಶ್, ಎಚ್‌ಡಿ ಬಾಕ್ಸ್

2010ರ ದಶಕ. ಉಕ್ಕಿನ ತಟ್ಟೆ, ಪ್ಲಾಸ್ಟಿಕ್ ಪೆಟ್ಟಿಗೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮಾಳಿಗೆಗಳ ಮೇಲೆ ಇಂಥ ಡಿಶ್‌ಗಳು ಆಗ್ನೇಯದ ಕಡೆ ಮುಖ ಮಾಡಿ ನಿಂತಿರುತ್ತವೆ. ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ಸಂಕೇತವನ್ನು ತಟ್ಟೆ ಒಂದೆಡೆ ಕೂಡಿಸುತ್ತದೆ. ಬಾಕ್ಸ್ ಅದನ್ನು ಚಿತ್ರವಾಗಿಸುತ್ತದೆ.

ಹಳೆಯ ಚಿತ್ರಕ್ಕೆ 576 ಗೆರೆ, ಎಚ್‌ಡಿಗೆ 1,080. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ಬಿತ್ತರಿಸಿತು. ಕನ್ನಡದ ಧಾರಾವಾಹಿಗಳಿಗೆ ಆ ಹೊಳಪು ತಡವಾಗಿ ದಕ್ಕಿತು: ಕಲರ್ಸ್ ಕನ್ನಡದ ಎಚ್‌ಡಿ ವಾಹಿನಿ ಶುರುವಾದದ್ದು 2016ರಲ್ಲಿ.

ಬಾಕ್ಸಿನ ಹಿಂಬದಿ ನೋಡಿ. ಕೆಂಪು, ಬಿಳಿ, ಹಳದಿ ತೂತುಗಳ ಪಕ್ಕದ ಚಪ್ಪಟೆ ಕಿಂಡಿಯೇ ಎಚ್‌ಡಿಎಂಐ. ಅದನ್ನು ಬಿಟ್ಟು ಹಳದಿಗೆ ವೈರ್ ಸಿಕ್ಕಿಸಿದರೆ, ಟಿವಿ ಎಷ್ಟೇ ದುಬಾರಿಯಿರಲಿ, ಕಾಣುವುದು ಹಳೆಯ ಮಸುಕು ಚಿತ್ರವೇ.