ಹಲಸೂರಿಗೆ ಹೋದರೆ ಗಡಿ ದಾಟಿದ ಹಾಗೆ

ಅಂತರರಾಷ್ಟ್ರೀಯ ಸಂಬಂಧಗಳ ಪಠ್ಯ ತೆಗೆದರೆ ಕಥೆ ಸಾಮಾನ್ಯವಾಗಿ ಶುರುವಾಗೋದು 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ. ರಾಷ್ಟ್ರಗಳೆಲ್ಲ ಸಮಾನ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಕೈ ಹಾಕಬಾರದು. ಈ ಕಥೆಯನ್ನು ವಸಾಹತುಗಳ ಕಡೆಯಿಂದ ಓದಬೇಕು ಅನ್ನುವವರು ಲ್ಯಾಟಿನ್ ಅಮೆರಿಕ, ಆಫ್ರಿಕಾದ ಉದಾಹರಣೆ ಕೊಡ್ತಾರೆ. ನನಗೆ ಮಹದೇವಪುರದ ಆಫೀಸಿನಿಂದ ಮೆಟ್ರೋ ಹತ್ತಿದರೆ ಸಿಗುವ ಹಲಸೂರೇ ಸಾಕು.

ಐವತ್ತು ವರ್ಷ ತಾವೇ ಆಳಿದ ಮೈಸೂರನ್ನು ಬ್ರಿಟಿಷರು 1881ರ ಮಾರ್ಚ್ 25ರಂದು ಒಡೆಯರಿಗೆ ವಾಪಸು ಕೊಟ್ಟರು. ಪೂರ್ತಿ ಅಲ್ಲ. ಹಲಸೂರು ಸೇರಿದಂತೆ ದಂಡು ಪ್ರದೇಶ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಅಂತ ಅವರ ಕೈಯಲ್ಲೇ ಉಳಿಯಿತು. ಪೇಟೆ ಮಹಾರಾಜರದು, ದಂಡು ರೆಸಿಡೆಂಟರದು. (ನಮ್ಮಜ್ಜಿ ಕಡೇವರೆಗೂ ಕಂಟೋನ್ಮೆಂಟ್ ಅನ್ನಲಿಲ್ಲ, ದಂಡು ಸ್ಟೇಷನ್ ಅಂತಲೇ ಅಂತಿದ್ದಳು.) ರೆಸಿಡೆಂಟರ ಬಂಗಲೆಯೇ ಇವತ್ತಿನ ರಾಜಭವನ. ಮೈಸೂರು ಬೇರೆ ಯಾವ ರಾಜ್ಯದ ಜೊತೆ ವ್ಯವಹರಿಸಬೇಕಾದರೂ ಗವರ್ನರ್ ಜನರಲ್ ಮೂಲಕವೇ ಹೋಗಬೇಕು ಅಂತ ಷರತ್ತು. ಅದಕ್ಕೆ ಸುಮಾರು ನೂರು ವರ್ಷ ಮೊದಲು, 1788ರಲ್ಲಿ, ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸ್‌ನಲ್ಲಿ 16ನೇ ಲೂಯಿಯ ಎದುರು ನಿಂತಿದ್ದರು!

1891ರಲ್ಲಿ ಮಣಿಪುರದ ಗಲಾಟೆಯ ನಂತರ ಬ್ರಿಟಿಷ್ ಸರ್ಕಾರ ಗೆಜೆಟ್‌ನಲ್ಲೇ ಹೇಳಿಬಿಟ್ಟಿತು: ದೇಶೀಯ ಸಂಸ್ಥಾನಗಳ ಜೊತೆಗಿನ ನಮ್ಮ ಸಂಬಂಧಕ್ಕೆ ಅಂತರರಾಷ್ಟ್ರೀಯ ಕಾನೂನು ಅನ್ವಯಿಸಲ್ಲ ಅಂತ. ನಮ್ಮ ಆಫೀಸ್ ಭಾಷೇಲಿ, ನಿಮಗೆ ರೀಡ್-ಓನ್ಲಿ ಆಕ್ಸೆಸ್. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಪೇಟೆ, ದಂಡು ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ಮಜಾ ನೋಡಿ. ಹೊರಗಿನವರಿಗೆ ಸ್ವಂತವಾಗಿ ಒಂದು ಕಾಗದ ಬರೆಯಲಾಗದ ಇದೇ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ತಾಳೆಗರಿ ಬಿಡಿಸಿ ಓದಿ, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಪ್ರಕಟಿಸಿದರು. ಮಿತ್ರ ಯಾರು, ಶತ್ರು ಯಾರು, ಸಂಧಿ ಯಾವಾಗ, ಯುದ್ಧ ಯಾವಾಗ, ಎಲ್ಲ ಅದರಲ್ಲಿದೆ.

ಇದೇ ನಮ್ಮ ದೇಸಿ ಸಿದ್ಧಾಂತ ಅಂತ ಎದೆ ತಟ್ಟಿಕೊಳ್ಳುವವರ ಜೊತೆ ನಾನು ಅರ್ಧ ದಾರಿ ಮಾತ್ರ ಬರ್ತೀನಿ. ಆ ಪುಸ್ತಕದಲ್ಲೂ ಕಾಡಿನ ಜನ ರಾಜನ ಲೆಕ್ಕಕ್ಕೆ ಬರೋದು ದಂಡಿಗೆ ಆಗುವವರು, ಇಲ್ಲವೇ ಕಾಟ ಕೊಡುವವರು ಅಂತ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ಮೇಲೆ ಸಮುದಾಯ ಹಕ್ಕುಪತ್ರ ಪಡೆದರಲ್ಲ, ಅದನ್ನು ಎರಡು ಕಡೆಯವರ ನಡುವಿನ ಒಪ್ಪಂದ ಅಂತ ಓದೋಕೆ ಕೌಟಿಲ್ಯನೂ ನೆರವಾಗಲ್ಲ, ವೆಸ್ಟ್‌ಫಾಲಿಯಾನೂ ನೆರವಾಗಲ್ಲ.